ಅಣ್ಣ ನರಳದೆ ಎದ್ದ ದಿನ

ನನ್ನ ಅತ್ತಿಗೆಯ ಕಿವಿಯ ಬಗ್ಗೆ ನಾನು ಸಾಕಷ್ಟು ತಮಾಷೆ ಮಾಡಿದ್ದೇನೆ. ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ನಲ್ಲಿ ತೊಟ್ಟಿಕ್ಕಿದರೆ, ಕೆಳಗಿನ ಮನೆಯ ಅಡುಗೆಕೋಣೆಯಲ್ಲಿ ನಿಂತು ಅದು ಯಾರ ಮನೆಯ ನಲ್ಲಿ ಎಂದು ಹೇಳುವ ಹೆಂಗಸು ಅವರು. ಬಾಗಿಲು ತಟ್ಟುವ ಮೊದಲೇ, ಮೆಟ್ಟಿಲ ಮೇಲಿನ ಚಪ್ಪಲಿ ಸದ್ದಿನಲ್ಲೇ ಬರುವವರು ಯಾರೆಂದು ಅವರಿಗೆ ಗೊತ್ತಾಗಿರುತ್ತದೆ. ಈಗ ನಾನು ತಮಾಷೆ ಮಾಡುವುದನ್ನು ಬಿಟ್ಟಿದ್ದೇನೆ.

ನಾನು ಮತ್ತು ಅಣ್ಣ ನೆಲಕ್ಕೆ ಟೈಲ್ಸ್ ಹಾಕುವವರು. ಈ ಕೆಲಸ ಮೊದಲು ತಿನ್ನುವುದು ಮಂಡಿಯನ್ನು. ದಿನವಿಡೀ ಮಂಡಿಯೂರಿ ಕೂತವನಿಗೆ ಸಂಜೆ ಹೊತ್ತಿಗೆ ಎರಡೂ ಮಂಡಿ ಊದಿಕೊಂಡಿರುತ್ತವೆ. ಹಾಗಾಗಿ ನಮ್ಮವರೆಲ್ಲರ ಚೀಲದಲ್ಲಿ ಕರಣೆ, ರಸಮಟ್ಟ, ದಾರದ ಜೊತೆಗೆ ಒಂದು ತಗಡಿನ ಡಬ್ಬಿಯೂ ಇರುತ್ತದೆ. ಅದರಲ್ಲಿ ಊತ ಇಳಿಸುವ ಮಾತ್ರೆ. ಬೇರೆ ಕೆಲಸದವರು ಒಬ್ಬರಿಗೊಬ್ಬರು ಟೀ ಕೊಡಿಸುವ ಹಾಗೆ ನಾವು ಡಬ್ಬಿ ತೆರೆದು ಮುಂದೆ ಹಿಡಿಯುತ್ತೇವೆ. ಬೇಡ ಎಂದರೆ ಎದುರಿನವನಿಗೆ ಬೇಜಾರಾಗುತ್ತದೆ.

ಅಣ್ಣ ನಮ್ಮ ಪೈಕಿ ದೊಡ್ಡ ಕೆಲಸಗಾರ, ದೊಡ್ಡ ನರಳುವವನೂ ಹೌದು. ಕೂತಲ್ಲಿಂದ ಏಳುವಾಗ ಮೊದಲು ಹೊಟ್ಟೆಯೊಳಗಿನಿಂದ ಒಂದು 'ಹ್ಞೂಂ' ಹೊರಡುತ್ತಿತ್ತು. ಅದು ಸೊಂಟ ನೆಟ್ಟಗಾಗುವಾಗ 'ಅಯ್ಯಯ್ಯಯ್ಯೋ' ಆಗಿ, ಪೂರ್ತಿ ನಿಂತ ಮೇಲೆ 'ನಮ್ಮಪ್ಪಾ' ಎಂದು ಮುಗಿಯುತ್ತಿತ್ತು. ಅವನಿಲ್ಲದಾಗ ನಾವೆಲ್ಲ ಅದನ್ನು ಅಣಕಿಸಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು.

ಗ್ರಂಥಾಲಯದ ಓದುವ ಕೋಣೆಗೆ ಹೊಸ ನೆಲ ಹಾಕುತ್ತಿದ್ದಾಗ ಅಣ್ಣನಿಗೆ ಹೃದಯಾಘಾತವಾಯಿತು. ಕೋಣೆಯ ನಟ್ಟನಡುವೆ ಚಿತ್ತಾರದ ಒಂದು ದೊಡ್ಡ ಸುತ್ತು ಬರಬೇಕಿತ್ತು, ಮೂರು ಬಣ್ಣದ ಸಣ್ಣ ಸಣ್ಣ ಟೈಲ್ಸ್ ತುಂಡುಗಳದ್ದು. ಆ ತುಂಡುಗಳನ್ನೆಲ್ಲ ಅವನೇ ಕತ್ತರಿಸಿದ್ದ, ನನ್ನನ್ನು ಮುಟ್ಟಲೂ ಬಿಟ್ಟಿರಲಿಲ್ಲ. ಎದೆ ಹಿಡಿದುಕೊಂಡು ಗೋಡೆಗೊರಗಿ ಕೂತವನು, ಇದು ಗ್ಯಾಸು, ಕಲಸಿದ ಗಾರೆ ಗಟ್ಟಿಯಾಗುವ ಮೊದಲು ನೀನು ಈ ಸಾಲು ಮುಗಿಸು ಎಂದ. ಮುಖ ನೋಡಿದರೆ ಸುಣ್ಣದ ಗೋಡೆಯಂತಿತ್ತು. ಗಾರೆ ಹಾಳಾಗಿ ಹೋಗಲಿ ಎಂದು ಬೈದು ಅವನನ್ನು ಸಿಕ್ಕ ಗಾಡಿಗೆ ಹತ್ತಿಸಿದೆ.

ಆಸ್ಪತ್ರೆಯಲ್ಲಿ ಮುಚ್ಚಿದ್ದ ರಕ್ತನಾಳವನ್ನು ತೆರೆದು ಸ್ಟೆಂಟ್ ಇಟ್ಟರು. ಜೀವ ಉಳಿಯಿತು. ಅಲ್ಲಿದ್ದ ಹೃದಯದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತಾಡುವಾಗೆಲ್ಲ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಆಕೆ ಕಾಗದದ ಮೇಲೆ ಹೃದಯದ ಚಿತ್ರ ಬರೆದು ವಿವರಿಸಿದರು. ರಕ್ತ ಸಿಗದೆ ಒಂದು ಭಾಗದ ಸ್ನಾಯು ಸತ್ತಿದೆ. ಅಲ್ಲೀಗ ಊತ ಇದೆ. ನಿಧಾನಕ್ಕೆ ಅಲ್ಲಿ ಗಾಯದ ಕಲೆ ಕಟ್ಟಿಕೊಳ್ಳುತ್ತದೆ. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ, ಬರೆದುಕೊಟ್ಟ ಮಾತ್ರೆ ಬಿಟ್ಟು ಬೇರೇನೂ ನುಂಗುವಂತಿಲ್ಲ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡರು. ಅಣ್ಣ ಊತ ಎಂಬಲ್ಲಿಗೇ ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದ್ದ. ಇದು ನಮಗೆ ಆಮೇಲೆ ಗೊತ್ತಾಯಿತು.

ಮನೆಗೆ ಬಂದ ಅಣ್ಣ ಬಹಳ ಒಳ್ಳೆಯ ರೋಗಿಯಾಗಿಬಿಟ್ಟ. ಹೇಳಿದ ಹೊತ್ತಿಗೆ ಮಲಗಿದ, ಉಪ್ಪಿಲ್ಲದ ಊಟವನ್ನು ತಕರಾರಿಲ್ಲದೆ ಉಂಡ. ನಾನು ಹೋದಾಗಲೆಲ್ಲ ಅವನದು ಒಂದೇ ಪ್ರಶ್ನೆ, ನಡುವಿನ ಆ ಸುತ್ತನ್ನು ಯಾರಾದರೂ ಮುಟ್ಟಿದರಾ ಎಂದು. ನಾನು ಇಲ್ಲ ಎಂದರೆ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದ.

ಒಂದು ಬೆಳಿಗ್ಗೆ ನಾನು ಹೋಗಿ ಬೆಲ್ ಒತ್ತಿದೆ. ಕಿಟಕಿ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅಣ್ಣ ಎದ್ದು ಬಂದು ಬಾಗಿಲು ತೆಗೆದ. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆದರೆ ಅಡುಗೆಕೋಣೆಯ ಬಾಗಿಲಲ್ಲಿ ಅತ್ತಿಗೆ ಒದ್ದೆ ಕೈಯಲ್ಲೇ ಬಂದು ನಿಂತಿದ್ದರು. ಅಣ್ಣನನ್ನೇ ನೋಡುತ್ತಿದ್ದರು. ಸಿಪ್ಪೆ ಕೆಳಗೆ ಬಿದ್ದಿದೆ, ಕೂತು ಆರಿಸಿಬಿಡಿ ಎಂದರು. ಅವನು ಕೂತ, ಆರಿಸಿದ, ಎದ್ದ. ಕೋಣೆಯಲ್ಲಿ ಒಂದು ಸದ್ದೂ ಇಲ್ಲ.

"ರೀ, ನಿಮ್ಮ ಮಂಡಿ ನೋವು ಎಲ್ಲಿ ಹೋಯ್ತು?"

ವಿಶ್ರಾಂತಿ ಸಿಕ್ಕಿದೆಯಲ್ಲ, ಅದಕ್ಕೇ ವಾಸಿಯಾಗಿದೆ ಎಂದ ಅಣ್ಣ. ಅತ್ತಿಗೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ರಜೆ ಬಂದರೆ ನಿಮ್ಮ ಮಂಡಿ ಇನ್ನಷ್ಟು ಹಿಡಿದುಕೊಳ್ಳುತ್ತದೆ, ಪ್ರತಿ ಭಾನುವಾರ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ನರಳುತ್ತೀರಿ, ನನಗೆ ಗೊತ್ತಿಲ್ಲವಾ ಎಂದು ಕೈ ಮುಂದೆ ಚಾಚಿದರು. ಅಣ್ಣ ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ. ಕೊನೆಗೆ ಅವನು ಬಾಗಿಲ ಹಿಂದಿದ್ದ ಕೆಲಸದ ಬೂಟಿನೊಳಗೆ ಕೈ ಹಾಕಿ ತಗಡಿನ ಡಬ್ಬಿ ತೆಗೆದು ಅವರ ಅಂಗೈ ಮೇಲಿಟ್ಟ.

ಅವನ ಲೆಕ್ಕಾಚಾರ ಸರಳವಾಗಿತ್ತು. ಎದೆಯಲ್ಲಿ ಊತ ಇದೆ ಎಂದು ಡಾಕ್ಟರೇ ಹೇಳಿದ್ದಾರೆ. ಎಷ್ಟೋ ವರ್ಷದಿಂದ ತನ್ನ ಮಂಡಿಯ ಊತ ಇಳಿಸುತ್ತಿರುವ ಮಾತ್ರೆ ತನ್ನ ಹತ್ತಿರವೇ ಇದೆ. ಡಾಕ್ಟರ ಮಾತ್ರೆಯ ಜೊತೆಗೆ ಇದನ್ನೂ, ಮೊದಲಿನ ಹಾಗೆ ಸಂಜೆಗೊಂದಲ್ಲ, ಮೂರು ಹೊತ್ತೂ ನುಂಗಿದರೆ ಬೇಗ ವಾಸಿಯಾಗಿ ಓದುವ ಕೋಣೆಗೆ ಹೋಗಬಹುದು. ನಿಜ ಹೇಳಬೇಕೆಂದರೆ, ನನಗೂ ಅದು ಸರಿ ಎನಿಸಿತು. ಟೈಲ್ಸ್ ಹಾಕುವ ಯಾರಿಗಾದರೂ ಸರಿ ಎನಿಸುತ್ತಿತ್ತು.

ಅತ್ತಿಗೆ ಕೂಗಾಡಲಿಲ್ಲ. ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಹಾಕ್ಕೊಳ್ಳಿ ಎಂದರು. ಅಷ್ಟೇ.

ಡಾಕ್ಟರು ಡಬ್ಬಿ ತೆರೆದು ಮಾತ್ರೆಯ ಹೆಸರು ನೋಡಿದ ಕೂಡಲೇ ಕನ್ನಡಕ ಮೇಲಕ್ಕೆ ತಳ್ಳಿಕೊಂಡರು. ಯಾವಾಗಿನಿಂದ, ದಿನಕ್ಕೆಷ್ಟು, ಹೊಟ್ಟೆ ಉರಿಯಿತಾ ಎಂದು ಎಲ್ಲವನ್ನೂ ಕೇಳಿದರು. ರಕ್ತ ಹೆಪ್ಪುಗಟ್ಟದಂತೆ ತಾನು ಕೊಟ್ಟ ಮಾತ್ರೆಗಳ ಜೊತೆ ಇದು ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರಬಹುದು, ಇನ್ನೊಮ್ಮೆ ಹೃದಯಾಘಾತವೂ ಆಗಬಹುದು ಎಂದರು. ಆಮೇಲೆ ಕುರ್ಚಿಯನ್ನು ಅಣ್ಣನ ಹತ್ತಿರಕ್ಕೆ ಎಳೆದುಕೊಂಡರು.

"ನೀವು ಹಳೇ ನೆಲ ಒಡೆದು ಹೊಸದು ಹಾಕೋವಾಗ ಮೊದಲು ಏನ್ ಮಾಡ್ತೀರ?"

ಪುಡಿ ಎಲ್ಲ ಕೆರೆದು ಎತ್ತಿಹಾಕುತ್ತೇವೆ, ಇಲ್ಲದಿದ್ದರೆ ಗಾರೆ ಹಿಡಿಯುವುದಿಲ್ಲ ಎಂದ ಅಣ್ಣ.

"ನಿಮ್ಮ ಎದೇಲೂ ಈಗ ಅದೇ ನಡೀತಿದೆ. ಸತ್ತ ಸ್ನಾಯುನ ಎತ್ತಿಹಾಕೋಕೆ ದೇಹ ತನ್ನ ಕೆಲಸಗಾರರನ್ನ ಕಳಿಸಿದೆ. ಅವರು ಗುಂಪಾಗಿ ಬಂದಿರೋದಕ್ಕೇ ಊತ. ಅವರು ಹೋದ್ಮೇಲೆ ಬೇರೆಯವರು ಬಂದು ಗಟ್ಟಿ ನಾರು ಕಟ್ತಾರೆ. ಮೊದಲಿನವರನ್ನ ನೀವು ಅರ್ಧಕ್ಕೇ ಓಡಿಸಿದ್ರೆ ಮೇಲಿನದು ನಿಲ್ಲುತ್ತಾ?"

ಕೆಲಸ ಮುಗಿದ ಮೇಲೂ ಅವರು ಅಲ್ಲೇ ಠಿಕಾಣಿ ಹೂಡಿದರೆ ಅದೂ ಕೆಟ್ಟದ್ದು, ಚೆನ್ನಾಗಿರುವ ಜಾಗಕ್ಕೂ ಕಲೆ ಹರಡುತ್ತದೆ, ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ, ನಿಮ್ಮ ಡಬ್ಬಿಯದ್ದಲ್ಲ ಎಂದೂ ಹೇಳಿದರು. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಮನುಷ್ಯ ಹಾಸಿಗೆಯಲ್ಲಿ ಬಿದ್ದು ಸೂರು ನೋಡುತ್ತಿರುವಾಗ, ಒಂದು ಕ್ಷಣವೂ ನಿಲ್ಲದೆ ಬಡಿಯುತ್ತಿರುವ ಹೃದಯದಲ್ಲಿ ಇಷ್ಟೆಲ್ಲ ಕೆಲಸ ನಡೆಯುತ್ತದೆ. ಜನ ಓಡಾಡುವ ನೆಲದ ಮೇಲೆ ಟೈಲ್ಸ್ ಹಾಕಿ ಎಂದರೆ ನಾವು ಜಗಳಕ್ಕೇ ಹೋಗುತ್ತೇವೆ.

ಆಮೇಲೆ ಹೃದಯದ ಸ್ಕ್ಯಾನ್, ಎಕೋ ಮಾಡಿದರು. ಪರದೆಯ ಮೇಲೆ ಬೂದು ಬಣ್ಣದ ಹೃದಯ ಹಿಗ್ಗಿ ಕುಗ್ಗುತ್ತಿತ್ತು, ಒಂದು ಕಡೆ ಮಾತ್ರ ಸುಮ್ಮನಿತ್ತು. ಆ ಜಾಗ ತೆಳ್ಳಗಿದೆ, ಸ್ವಲ್ಪ ಹೊರಕ್ಕೆ ಉಬ್ಬುತ್ತಿದೆ ಎಂದರು ಡಾಕ್ಟರು. ಮಾತ್ರೆಯಿಂದಲೇ ಹೀಗಾಯಿತು ಎಂದು ತಾನು ಹೇಳಲಾರೆ, ಮಾತ್ರೆ ನಿಲ್ಲಿಸಿ ಕಾಯಬೇಕು. ಕಲೆ ಗಟ್ಟಿಯಾದರೆ ಒಳ್ಳೆಯದು. ಉಬ್ಬು ಹೆಚ್ಚಾದರೆ ಹೃದಯ ಸೋಲುತ್ತಾ ಹೋಗುತ್ತದೆ, ಕೆಲಸದ ಮಾತು ಹಾಗಿರಲಿ, ಮೆಟ್ಟಿಲು ಹತ್ತುವುದೂ ಕಷ್ಟ ಎಂದರು. ಅಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಒಂದನ್ನು ತಪ್ಪಾಗಿ ಹಾಕಿಕೊಂಡ. ಅತ್ತಿಗೆ ಅದನ್ನು ಬಿಚ್ಚಿ ಸರಿಯಾಗಿ ಹಾಕಿದರು. ಡಬ್ಬಿ ಡಾಕ್ಟರ ಮೇಜಿನ ಖಾನೆಯಲ್ಲೇ ಉಳಿಯಿತು.

ಕೆಲವೇ ದಿನಗಳಲ್ಲಿ ಮಂಡಿ ನೋವು ಬಡ್ಡಿ ಸಮೇತ ವಾಪಸ್ ಬಂತು. ನಾನು ಅಲ್ಲೇ ಇದ್ದೆ. ಅಣ್ಣ ಸ್ಟೂಲಿನಿಂದ ಏಳುತ್ತಾ 'ಹ್ಞೂಂ' ಎಂದು ಶುರುಮಾಡಿ 'ನಮ್ಮಪ್ಪಾ'ವರೆಗೆ ಒಂದೂ ಬಿಡದೆ ನರಳಿದ. ಅಡುಗೆಕೋಣೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಬಂತು ಎಂದು ಅತ್ತಿಗೆ ತಮ್ಮಷ್ಟಕ್ಕೇ ಹೇಳಿಕೊಂಡರು. ಮತ್ತೆ ಪಾತ್ರೆಯ ಸದ್ದು ಶುರುವಾಯಿತು.

ಆ ದಿನಗಳಲ್ಲಿ ಅವರನ್ನು ನೋಡಿದವನು ನಾನು. ಮಂಡಿಗೆ ಬಿಸಿನೀರಿನ ಚೀಲ ಇಡುತ್ತಿದ್ದರು, ದಿಂಬು ಕೊಡುತ್ತಿದ್ದರು. ಸ್ಟೂಲಿನ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದರು. ಅವನು ಏಳುವಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದರು. ನೋವಿನಲ್ಲಿ ಅಣ್ಣ ರೇಗಿದರೆ ಸಹಿಸಿಕೊಂಡರು. ಯಾಕೆ ಹೀಗೆ ಮಾಡಿದಿರಿ ಎಂದು ಒಮ್ಮೆಯೂ ಎತ್ತಿ ಆಡಲಿಲ್ಲ. ನಾನಾಗಿದ್ದರೆ ದಿನಕ್ಕೆ ಹತ್ತು ಸಲ ಆಡುತ್ತಿದ್ದೆ. ಅಂಥ ಹೆಂಗಸಿನ ಮುಂದೆ ಕೈ ಮುಗಿಯಬೇಕು ಎನಿಸುತ್ತಿತ್ತು, ಆದರೆ ಮೈದುನ ಹಾಗೆಲ್ಲ ಮಾಡಿದರೆ ಅವರು ನನ್ನನ್ನೂ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು.

ಅತ್ತ ಗ್ರಂಥಾಲಯದಲ್ಲಿ ನಾನು ನಡುವಿನ ಸುತ್ತೊಂದನ್ನು ಬಿಟ್ಟು ಉಳಿದ ನೆಲ ಮುಗಿಸಿದೆ. ಗ್ರಂಥಪಾಲಕಿ ಕಟ್ಟುನಿಟ್ಟಿನ ಹೆಂಗಸು, ಪುಟ ಜೋರಾಗಿ ಮಗುಚಿದರೂ ಹುಬ್ಬೇರಿಸುವವರು. ಕಾಯಬೇಕಾಗುತ್ತದೆ ಎಂದು ನಾನು ಹೆದರುತ್ತಲೇ ಹೇಳಿದೆ. ಅಣ್ಣ ಆ ತುಂಡುಗಳನ್ನು ಕತ್ತರಿಸುವುದನ್ನು ಅವರೂ ನೋಡಿದ್ದರು. ಆ ಜಾಗದ ಸುತ್ತಲೂ ಹಗ್ಗ ಕಟ್ಟಿಸಿ, ಓದುವವರ ಮೇಜುಗಳನ್ನು ಗೋಡೆಯ ಕಡೆಗೆ ಹಾಕಿಸಿದರು.

ಎರಡನೆಯ ಎಕೋ ದಿನ ಡಾಕ್ಟರು ಬಹಳ ಹೊತ್ತು ಪರದೆ ನೋಡಿದರು. ಕೋಣೆಯಲ್ಲಿ ಯಂತ್ರದ ಬುಸ್ ಬುಸ್ ಸದ್ದೊಂದೇ. ಅತ್ತಿಗೆ ಕಣ್ಣು ಮುಚ್ಚಿ ಅದನ್ನೇ ಕೇಳುತ್ತಿದ್ದರು. ಕೊನೆಗೆ ಡಾಕ್ಟರು ಪರದೆಯನ್ನು ಅಣ್ಣನ ಕಡೆ ತಿರುಗಿಸಿದರು. ಉಬ್ಬು ಹೆಚ್ಚಾಗಿಲ್ಲ. ಕಲೆ ಗಟ್ಟಿಯಾಗಿದೆ. ಆ ಭಾಗ ಇನ್ನು ಎಂದೂ ಬಡಿಯುವುದಿಲ್ಲ, ಆದರೆ ಅಕ್ಕಪಕ್ಕದ ಸ್ನಾಯುಗಳು ಅದರ ಭಾರವನ್ನೂ ಹೊತ್ತು ಬಡಿಯುತ್ತಿವೆ.

ಅಣ್ಣ ಆ ಸುಮ್ಮನಿದ್ದ ಬೂದು ಜಾಗವನ್ನು, ಬೇರೆ ಮೇಸ್ತ್ರಿ ಹಾಕಿದ ನೆಲವನ್ನು ಪರೀಕ್ಷಿಸುವಂತೆ ನೋಡಿದ.

"ಕೆಲಸ ಅಚ್ಚುಕಟ್ಟಾಗಿದೆ," ಎಂದ.

ಇಷ್ಟು ವರ್ಷ ಅವನ ಪಕ್ಕದಲ್ಲಿ ಮಂಡಿ ಸವೆಸಿದ್ದೇನೆ, ನನ್ನ ಕೆಲಸಕ್ಕೆ ಒಂದು ದಿನವೂ ಆ ಮಾತು ಬಂದಿಲ್ಲ. ಹೊಟ್ಟೆಕಿಚ್ಚಾಯಿತು. ಕಣ್ಣಲ್ಲಿ ನೀರೂ ಬಂತು.

ಭಾರ ಎತ್ತಬಾರದು, ದಣಿವಾದರೆ ನಿಲ್ಲಿಸಬೇಕು, ಡಬ್ಬಿಯ ಸಹವಾಸ ಜನ್ಮಕ್ಕೂ ಬೇಡ ಎಂದು ಹೇಳಿ ಡಾಕ್ಟರು ಸಣ್ಣಪುಟ್ಟ ಕೆಲಸಕ್ಕೆ ಒಪ್ಪಿಗೆ ಕೊಟ್ಟರು. ಮಾರನೇ ವಾರ ಓದುವ ಕೋಣೆಗೆ ಹೋದೆವು. ಗಾರೆ ಕಲಸಿ, ಹೊತ್ತು ತಂದದ್ದು ನಾನು. ದಪ್ಪ ದಿಂಬಿನ ಮೇಲೆ ಮಂಡಿಯೂರಿ ಒಂದೊಂದೇ ತುಂಡು ಕೂರಿಸಿದ್ದು ಅಣ್ಣ. ಅತ್ತಿಗೆ ಹಗ್ಗದಾಚೆಯ ಮೇಜಿನ ಮುಂದೆ ಒಂದು ಪುಸ್ತಕ ತೆರೆದು ಕೂತಿದ್ದರು. ಮಧ್ಯಾಹ್ನವಾದರೂ ಮೊದಲ ಪುಟ ದಾಟಿರಲಿಲ್ಲ.

ಕೊನೆಯ ತುಂಡು ಕೂತಿತು. ಅಣ್ಣ ಕರಣೆಯ ಹಿಡಿಯಿಂದ ಸುತ್ತನ್ನೆಲ್ಲ ಕುಟ್ಟಿ ನೋಡಿದ, ಎಲ್ಲೂ ಟೊಳ್ಳು ಸದ್ದಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಮೇಲೆದ್ದ. ಆ ನಿಶ್ಶಬ್ದ ಕೋಣೆಯಲ್ಲಿ 'ಹ್ಞೂಂ' ಹೊರಟು 'ಅಯ್ಯಯ್ಯಯ್ಯೋ' ಆಗಿ 'ನಮ್ಮಪ್ಪಾ' ಎಂದು ಸೂರಿಗೆ ಬಡಿಯಿತು. ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಗ್ರಂಥಪಾಲಕಿ ಹುಬ್ಬೇರಿಸಿ ತುಟಿಯ ಮೇಲೆ ಬೆರಳಿಟ್ಟರು.

ಅತ್ತಿಗೆ ಪುಸ್ತಕ ಮುಚ್ಚಿ ಎದ್ದು ನಿಂತರು. ಕೆನ್ನೆ ಒದ್ದೆಯಾಗಿತ್ತು.

"ಮೇಡಂ, ದಯವಿಟ್ಟು ಅವರನ್ನ ಸುಮ್ಮನಿರಿಸಬೇಡಿ."