ಬೆನ್ನ ಮೇಲಿನ ಅರಿಶಿನ

“ಹತ್ರ ಬರ್ಬೇಡ. ಅಲ್ಲೇ ನಿಂತ್ಕೊಂಡು ಅಂಗಿ ಬಿಚ್ಚೋ. ಏನ್ ನಾತ ನಿಮ್ದು.”

ಡಾಕ್ಟರು ಅನಂತಕೃಷ್ಣ ಕುರ್ಚಿಯಿಂದ ಏಳಲಿಲ್ಲ. ದ್ಯಾವಪ್ಪ ಗುಂಡಿಗೆ ಕೈ ಹಾಕಿದ, ತೋಳು ಮೇಲೇಳಲಿಲ್ಲ. ಹೆಂಡತಿ ನಿಂಗಮ್ಮ ಮೆಲ್ಲಗೆ ಬಿಡಿಸಿದಳು. ನಾತವಿದ್ದದ್ದು ನಿಜ. ಅತ್ತೆ ಮಾಡುತ್ತಿದ್ದ ಹಾಗೆ ರಾತ್ರಿ ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಅವನ ಬೆನ್ನಿಗೆಲ್ಲ ಬಳಿದಿದ್ದಳು. ಅದು ಬೆವರಿಗೆ ಸೇರಿ ಹುಳಿ ಹುಳಿ ನಾರುತ್ತಿತ್ತು. ಆದರೆ ಅವಳಿಗೆ ವಾಕರಿಕೆ ತರಿಸಿದ್ದು ಮೂಲೆಯಲ್ಲಿ ಕೂತು ಕಾಫಿ ಹೀರುತ್ತಿದ್ದ ಮೋಹನ್‌ಕುಮಾರನ ಸೆಂಟಿನ ವಾಸನೆ. ಅಮೃತೂರಿನ ಕಡೆ ಅವನ ತೆಂಗಿನ ತೋಟದಲ್ಲೇ ಗಂಡ ಹೆಂಡತಿ ಕಾಯಿ ಸುಲಿಯುವುದು. ಮೋಟರ್ ಮನೆಯೊಳಗೆ ಕಾಲಿಟ್ಟು ಫೋನ್ ಚಾರ್ಜಿಗೆ ಹಾಕಿದ್ದಕ್ಕೆ ನಿನ್ನೆ ದ್ಯಾವಪ್ಪನನ್ನು ಪೈಪಿನಲ್ಲಿ ಬಡಿದವನು ಅವನೇ.

“ನಾನ್ ಹೇಳಿಲ್ವಾ ಡಾಕ್ಟ್ರೇ,” ಎಂದ ಮೋಹನ್‌ಕುಮಾರ್. “ಹೋದ್ ವಾರ ಕುಡ್ದು ತೆಂಗಿನ್ ಮರದಿಂದ ಬಿದ್ದವ್ನೆ ಬೋಳಿಮಗ. ಈಗ ನಮ್ ಮೇಲ್ ಕೇಸ್ ಹಾಕ್ತವ್ನೆ.”

ಡಾಕ್ಟರು ಟೇಬಲ್ಲಿನಾಚೆಯಿಂದಲೇ ಪೆನ್ನು ತೋರಿಸಿದರು. “ಪೆಟ್ಟು ಮೊದ್ಲು ಕೆಂಪಿರುತ್ತೆ. ಆಮೇಲೆ ನೀಲಿ, ಹಸಿರು. ಹಳದಿಗೆ ತಿರುಗೋಕೆ ವಾರ ಹಿಡಿಯುತ್ತೆ. ಇದು ಪೂರ್ತಿ ಹಳದಿ. ನಿನ್ನೇದಲ್ಲ.”

“ಸೋಮಿ, ಅದು ಅರಿಸ್ನ. ನಾನೇ ಹಚ್ಚಿದ್ದು. ಒರ್ಸಿ ನೋಡಿ.”

“ನನಗೇ ಕಲಿಸ್ತೀಯಾ? ಈ ಕರೀ ಮೈಯಲ್ಲಿ ಒರ್ಸಿ ನೋಡೋದೇನಿದೆ.”

ಪೊಲೀಸರಿಗೆ ಕೊಡುವ ಗಾಯದ ಸರ್ಟಿಫಿಕೇಟಿನಲ್ಲಿ ಹಳೇ ಗಾಯ ಎಂದು ಬರೆದೇಬಿಟ್ಟರು. ಆ ಮಾತು ಸ್ಟೇಷನ್ ಮುಟ್ಟಿದರೆ ಕೇಸು ಅಲ್ಲಿಗೇ ಮುಗಿಯಿತು. ಏಟು ತಿಂದವನೇ ಸುಳ್ಳುಗಾರನಾಗುತ್ತಾನೆ.

ನರ್ಸ್ ಶಶಿಕಲಾ ಬಿಸಿನೀರು ತಂದಳು. ಹತ್ತಿ ಅದ್ದುವ ಮೊದಲು ತನ್ನ ಮುಂಗೈಗೆ ಸುರಿದುಕೊಂಡು ಬಿಸಿ ಹದವಾಗಿದೆಯೇ ನೋಡಿದಳು. “ಸ್ವಲ್ಪ ಉರಿಯುತ್ತೆ ಕಣಣ್ಣ, ತಡ್ಕೋ.” ಅಣ್ಣ ಎಂದದ್ದಕ್ಕೋ ಉರಿಗೋ, ದ್ಯಾವಪ್ಪನ ಕಣ್ಣು ತುಂಬಿತು. ಹಳದಿ ಹತ್ತಿಗೆ ಅಂಟಿ ಬಂತು. ಕೆಳಗೆ ಕೆಂಪಗೆ ಬಾತುಕೊಂಡ ಜೋಡಿಗೆರೆಗಳು. ಅವುಗಳ ನಡುವೆ ಪೈಪು ಬಿದ್ದ ಜಾಗ.

“ಸರ್, ಇಲ್ನೋಡಿ. ಹೊಸದು. ಪೈಪಿನ ಅಚ್ಚು.”

“ಬರ್ದಾಯ್ತಲ್ಲಮ್ಮಾ. ಬೀಳ್ವಾಗ ಕೊಂಬೆ ತಾಗಿರುತ್ತೆ.”

“ತೆಂಗಿನ್ ಮರಕ್ಕೆ ಕೊಂಬೆ ಎಲ್ಲೈತೆ ಬುದ್ದಿ?” ಎಂದ ದ್ಯಾವಪ್ಪ.

ಮೋಹನ್‌ಕುಮಾರನಿಗೇ ನಗು ಬಂತು. “ಗರಿ ಅಂತ ಹಾಕ್ಬುಡಿ ಡಾಕ್ಟ್ರೇ.” ಇಬ್ಬರೂ ನಕ್ಕರು.

ನಿಂಗಮ್ಮ ಟೇಬಲ್ಲು ಬಳಸಿ ಹೋಗಿ ಡಾಕ್ಟರ ಮಣಿಕಟ್ಟು ಹಿಡಿದಳು. ಕಾಯಿ ಸುಲಿದು ಮರಗಟ್ಟಿದ ಕೈ ಅವಳದು. ಎಬ್ಬಿಸಿ ಈಚೆಗೆ ಎಳೆತಂದು, ಆ ಮೆತ್ತನೆಯ ಅಂಗೈಯನ್ನು ಗಂಡನ ಬೆನ್ನಿಗೆ ಒತ್ತಿದಳು. ದ್ಯಾವಪ್ಪ ಹಲ್ಲು ಕಚ್ಚಿದ.

“ಬುಡೇ ಲೌಡಿ,” ಎಂದು ಮೋಹನ್‌ಕುಮಾರ್ ಅವಳ ತುರುಬು ಹಿಡಿದು ಜಗ್ಗಿದ. ಶಶಿಕಲಾ ಹೋಗಿ ಬಾಗಿಲು ಪೂರ್ತಿ ತೆರೆದಳು. ಹೊರಗೆ ಸಾಲಿನಲ್ಲಿದ್ದವರು ಒಳಗೆ ಇಣುಕಿದರು.

“ಈಗ ಮುಟ್ದ್ಯಲ್ಲ, ಹೇಳು,” ಎಂದಳು ನಿಂಗಮ್ಮ, ಕತ್ತು ಹಿಂದಕ್ಕೆ ಬಾಗಿದ್ದರೂ ಹಿಡಿತ ಸಡಿಲಿಸದೆ. “ಎಂದಿನ್ ಗಾಯ ಅಂತ ಇವ್ರಿಗೆಲ್ಲ ಕೇಳೋ ಹಂಗೆ ಹೇಳು.”

ಡಾಕ್ಟರು ಬೆರಳು ಮಡಚಿಕೊಂಡರು. ಅವಳು ಒಂದೊಂದನ್ನೇ ಬಿಡಿಸಿ ಮತ್ತೆ ಬೆನ್ನಿಗೆ ಒತ್ತತೊಡಗಿದಳು.