ನೋವಾದರೆ ಎಡಗೈ ಎತ್ತಿ

"ಹಲ್ಲು ಹೋದರೆ ನೀವು ಇನ್ನೊಂದು ಕಟ್ಟಿಕೊಡ್ತೀರಿ, ಡಾಕ್ಟ್ರೇ. ತುಟಿಗೆ ಏನಾದ್ರೂ ಆದರೆ ನನ್ನ ಅನ್ನ ಹೋಯ್ತು," ಎಂದು ಕುರ್ಚಿಯಲ್ಲಿ ಅಂಗಾತ ಮಲಗಿದ್ದವನು ಹೇಳಿದ. ಬಸ್ಸು ಗಕ್ಕನೆ ನಿಂತಾಗ ಮುಂದಿನ ಸೀಟಿನ ಕಂಬಿಗೆ ಬಡಿದು ಅವನ ಮೇಲಿನ ಮುಂಬಲ್ಲು ಓರೆಯಾಗಿ ಮುರಿದಿತ್ತು. ಕೊಳಲಿನ ಉದ್ದನೆಯ ಚೀಲವನ್ನು ಹೊಟ್ಟೆಯ ಮೇಲೆ ಕೂಸಿನಂತೆ ಮಲಗಿಸಿಕೊಂಡಿದ್ದ.

ಡಾಕ್ಟರಮ್ಮನಿಗೆ ಆಗ ಭಯವೇನೂ ಇರಲಿಲ್ಲ. ಹೆದರುವುದು ಕುರ್ಚಿಯಲ್ಲಿ ಮಲಗುವವರ ಪಾಲು, ಹೆದರಬೇಡಿ ಎನ್ನುವುದು ತನ್ನ ಪಾಲು ಎಂದು ಕೆಲಸ ಹಂಚಿಕೊಂಡು ಅವಳಿಗೆ ಅಭ್ಯಾಸವಾಗಿತ್ತು. ಸೂಜಿ ಚುಚ್ಚಿ, ದಿನವೂ ಹೇಳುವ ಪಾಠವನ್ನು ಒಂದೇ ಉಸಿರಿಗೆ ಒಪ್ಪಿಸಿದಳು. "ಮರಗಟ್ಟಲಿ, ಆಮೇಲೆ ಹಲ್ಲನ್ನ ಸುತ್ತ ಉಜ್ಜಿ ಸಣ್ಣ ಮಾಡ್ತೀನಿ, ಅಚ್ಚು ತಗೊಂಡು ಕ್ಯಾಪ್ ಕೂರಿಸ್ತೀನಿ, ನೋವಾದರೆ ಮಾತಾಡೋಕೆ ಹೋಗಬೇಡಿ, ಎಡಗೈ ಎತ್ತಿ, ನಿಲ್ಲಿಸ್ತೀನಿ."

ಆತ ಗಂಟಲು ಸರಿಮಾಡಿಕೊಂಡ. "ಇನ್ನೊಂದ್ಸಲ. ಸ್ವಲ್ಪ ನಿಧಾನ."

ಎಂಜಲು ಹೀರುವ ಕೊಳವೆ ಹಿಡಿದು ನಿಂತಿದ್ದ ಗಿಳಿಯಮ್ಮ ಕಣ್ಣರಳಿಸಿದಳು. ಡಾಕ್ಟರಮ್ಮನ ನೋಟ ಹಾಡುತ್ತಿದ್ದ ಸ್ಪೀಕರಿನತ್ತ ಹಾರಿತು.

ಗಿಳಿಯಮ್ಮ ಎಂಬುದು ಸಹಾಯಕಿಗೆ ಎಲ್ಲರೂ ಸೇರಿ ಇಟ್ಟ ಹೆಸರು. ಐವತ್ತು ದಾಟಿದ ಆಕೆ ಕೇಳಿದ್ದನ್ನೆಲ್ಲ ಹಾಗೆಯೇ ಅಂದು ತೋರಿಸುವಳು. ಡ್ರಿಲ್ಲಿನ ಕೀರಲು, ಔಷಧದ ಕಂಪನಿಯವನ ನಯವಿನಯ, ಹೆದರಿದ ಗಂಡಸರ "ನಂಗೇನ್ ಭಯ ಇಲ್ಲ" ಎಲ್ಲವೂ ಅವಳ ನಾಲಗೆಯ ಮೇಲೆ. ಆದರೆ ಅವಳಿಗೆ ತೀರಾ ಪ್ರಿಯವಾದದ್ದು ಕಪಾಟಿನ ಮೇಲಿನ ಸ್ಪೀಕರಿನಿಂದ ಕಲಿತದ್ದು. ಅದರಲ್ಲಿ ಆಗಾಗ ಬರುವ ಒಂದು ಕೊಳಲಿನ ಹಾಡು ಶುರುವಾಗುವ ಮೊದಲು ಗಂಡು ದನಿಯೊಂದು ಗಂಟಲು ಸರಿಮಾಡಿಕೊಂಡು "ಇನ್ನೊಂದ್ಸಲ, ಸ್ವಲ್ಪ ನಿಧಾನ" ಅನ್ನುತ್ತಿತ್ತು. ಬಾಯಿ ಮುಕ್ಕಳಿಸಿ ಉಗುಳುವವರಿಗೆಲ್ಲ ಗಿಳಿಯಮ್ಮ ಅದೇ ದನಿಯಲ್ಲಿ ಅಪ್ಪಣೆ ಕೊಡುತ್ತಿದ್ದಳು.

ಆ ದನಿ ಈಗ ಕುರ್ಚಿಯಲ್ಲಿ ಮಲಗಿತ್ತು.

"ನಿಮ್ಮ ಹಾಡು ಎಲ್ಲಾದ್ರೂ ಸಿಗುತ್ತಾ?" ಎಂದು ಡಾಕ್ಟರಮ್ಮ ಕೇಳಿದಳು. ಕೇಳಬಾರದಿತ್ತು.

"ಸಿಗಬಾರದಿತ್ತು," ಎಂದ ಆತ. "ಒಂದೇ ಒಂದು ಆಲ್ಬಮ್ ಮಾಡಿದ್ದೆ. ತಿದ್ದೋದಿನ್ನೂ ಮುಗಿದಿರಲಿಲ್ಲ, ಸ್ಟುಡಿಯೋದಿಂದ ಯಾರೋ ಎತ್ತಿ ಇಂಟರ್ನೆಟ್ಟಲ್ಲಿ ಹಂಚಿಬಿಟ್ಟರು. ಕಂಪನಿಯವರು, ಎಲ್ಲರೂ ಉಂಡು ಕೈತೊಳ್ಕೊಂಡ ಮೇಲೆ ಊಟಕ್ಕೆ ಕರೆಯೋದಾ ಅಂತ ಅಲ್ಲಿಗೇ ಕೈಬಿಟ್ಟರು. ಈಗ ಶಾಲೆಶಾಲೆ ಸುತ್ತಿ ಮಕ್ಕಳಿಗೆ ಸರಿಗಮ ಹೇಳಿಕೊಡ್ತೀನಿ." ಅವನ ಮೇಲ್ದುಟಿ ಆಗಲೇ ಜೋಲುತ್ತಿತ್ತು. "ಒಂದು ಉಪಕಾರ ಮಾಡಿ. ಹಾಡು ನಿಲ್ಲಿಸಬೇಡಿ. ಡ್ರಿಲ್ಲಿನ ಶ್ರುತಿ ಕೇಳಿದರೆ ನನ್ನ ಮೈಯೇ ಎಗರುತ್ತೆ."

ಸ್ಪೀಕರಿಗೆ ಹಾಡು ಬರುತ್ತಿದ್ದದ್ದು ಡಾಕ್ಟರಮ್ಮನ ಮೈದುನನ ಹಳೆಯ ಫೋನಿನಿಂದ. ಗಾಜು ಒಡೆದುಹೋದ ಆ ಫೋನಿಗೆ ಗೊತ್ತಿದ್ದದ್ದು ಎರಡೇ ವಿದ್ಯೆ: ಮನಸ್ಸಿಗೆ ಬಂದದ್ದನ್ನು ಹಾಡುವುದು, ಇಲ್ಲವೇ ಸುಮ್ಮನಿರುವುದು. ಅದರೊಳಗಿದ್ದ ಒಂದು ಹಾಡನ್ನೂ ಮೈದುನ ಕೊಂಡವನಲ್ಲ. ಅವಳೂ ಒಮ್ಮೆ, ಇದು ತಪ್ಪಲ್ವೇನೋ ಎಂದು ಕೇಳಿದ್ದಳು. "ಬರೀ ಗಾಳಿ ಅತ್ತಿಗೆ. ಬಿದಿರಿನೊಳಗೆ ಹೋಗಿಬಂದ ಮಾತ್ರಕ್ಕೆ ಗಾಳಿಗೆ ರೇಟು ಹಾಕೋದಾ?" ಎಂದಿದ್ದ. ಅವಳು ನಕ್ಕಿದ್ದಳು. ಹಾಡೊಂದನ್ನು ಇಳಿಸಿಕೊಂಡರೆ ಯಾರ ಹಲ್ಲೂ ಉದುರುವುದಿಲ್ಲವಲ್ಲ ಎಂದುಕೊಂಡು ದಿನವೂ ಕೇಳಿದ್ದಳು.

ಈಗ ಆ ಹಾಡು ಯಾವ ಕ್ಷಣದಲ್ಲಾದರೂ ಬರಬಹುದು. ಡ್ರಿಲ್ ಎತ್ತಿಕೊಂಡಳು. ಹಾಡು ಬದಲಾಯಿತು. ಅದಲ್ಲ. ಹಲ್ಲನ್ನು ಉಜ್ಜತೊಡಗಿದಳು. ಮತ್ತೆ ಬದಲಾಯಿತು. ಆರಂಭದ ಮೌನವೇ ಅವಳ ಉಸಿರು ಕಟ್ಟಿಸಿತು. ಅದೂ ಅಲ್ಲ.

"ಗಿಳಿಯಮ್ಮ, ನಿಮ್ಮ ಫೋನಿಂದ ಏನಾದ್ರೂ ಹಾಕಿ."

"ನನ್ನದರಲ್ಲಿ ಮೊಮ್ಮಗನ ಅಳು ಬಿಟ್ಟು ಬೇರೇನಿಲ್ಲ, ಡಾಕ್ಟ್ರಮ್ಮ. ಹಾಕಲಾ?"

"ಹಾಗಾದರೆ ಸ್ಪೀಕರನ್ನೇ ನಿಲ್ಲಿಸಿ."

ಗಿಳಿಯಮ್ಮ ನಿಲ್ಲಿಸಿದಳು. ಕೋಣೆಯಲ್ಲಿ ಡ್ರಿಲ್ಲೊಂದೇ ಕೀರಿತು. ಮರುಕ್ಷಣವೇ ಆತನ ತಲೆ ಎಗರಿತು. ಅವಳು ಕೈ ಹಿಂದೆಳೆದುಕೊಂಡಳು. ಒಳತುಟಿಯಲ್ಲಿ ಕೂದಲಿನಂತಹ ಒಂದು ಗೀರು. ಅದರ ತುದಿಯಲ್ಲಿ ಕೆಂಪು ಚುಕ್ಕೆ ಮೂಡಿ, ದೊಡ್ಡದಾಗಿ, ಹರಿಯಿತು.

ಆತನಿಗೆ ಗೊತ್ತಾಗಲಿಲ್ಲ. ತುಟಿ ಮರದ ಹಾಗಿತ್ತು. ಅವಳು ಹತ್ತಿ ಒತ್ತಿ, ಹತ್ತಿಯನ್ನು ಬೇರೆ ಹತ್ತಿಗಳ ಅಡಿಗೆ ತಳ್ಳಿದಳು. ಗಿಳಿಯಮ್ಮ ಅದನ್ನು ನೋಡಿ, ಕೊಳವೆಯಿಂದ ರಕ್ತ ಹೀರಿಸಿದಳು.

"ಹಾಡು... ಹಾಡು," ಎಂದು ಆತ ಜೋಲು ತುಟಿಯಲ್ಲೇ ಬೇಡಿದ.

ಹಾಕಲೇಬೇಕಾಯಿತು. ಹಾಕಿದ ಕೂಡಲೇ ಸ್ಪೀಕರು ಗಂಟಲು ಸರಿಮಾಡಿಕೊಂಡಿತು.

"ಇನ್ನೊಂದ್ಸಲ. ಸ್ವಲ್ಪ ನಿಧಾನ."

ಆತನ ಕಣ್ಣು ತೆರೆಯಿತು. ತಲೆಯ ಹಿಂದೆ ಕೂತಿದ್ದ ಅವಳಿಗೆ ಆ ಕಣ್ಣುಗಳು ತಲೆಕೆಳಗಾಗಿ ಕಂಡವು, ಕೋಪವೋ ದುಃಖವೋ ತಿಳಿಯಲಿಲ್ಲ. ಚೀಲದ ಮೇಲಿದ್ದ ಬೆರಳುಗಳು ತಾವಾಗಿ ಆಡತೊಡಗಿದವು, ಸ್ಪೀಕರಿಗಿಂತ ಕೂದಲೆಳೆ ಮುಂದಾಗಿ. ಆಮೇಲೆ ನಿಂತವು. ಆತ ನಿಧಾನವಾಗಿ ಎಡಗೈ ಎತ್ತಿದ.

ಅವಳು ಆಗಷ್ಟೇ ಮತ್ತೆ ಎತ್ತಿಕೊಂಡಿದ್ದ ಡ್ರಿಲ್ಲನ್ನು ಕೆಳಗಿಟ್ಟಳು. ಬಾಯಿಯಿಂದ ಬಂದದ್ದು ರೂಢಿಯ ಮಾತು. "ನೋವಾಯ್ತಾ?"

ಆತ ಹೌದೆಂದು ತಲೆಯಾಡಿಸಿದ.

ಊರವರ ಬಾಯಿ ಬಿಡಿಸುವವಳಿಗೆ ತನ್ನ ಬಾಯಿ ಬಿಡಲು ಧೈರ್ಯ ಸಾಲದೆ ಹೋಯಿತು. ಹಾಡು ಅರ್ಧ ಮುಗಿದರೂ ಕೈ ಇಳಿಯಲಿಲ್ಲ. ಕೊನೆಗೆ ಮುಖಗವಸನ್ನು ಕೆಳಗೆಳೆದಳು. "ನನ್ನ ಮೈದುನನೇ ಇಳಿಸಿಕೊಂಡದ್ದು. ದಿನಾ ಕೇಳೋದು ನಾನು. ನಮಗೆ ತುಂಬ ಇಷ್ಟ."

"ಇಷ್ಟ ಇಲ್ಲದ್ದನ್ನ ಯಾರು ಕದೀತಾರೆ?" ಎಂದ ಆತ. ಮರಗಟ್ಟಿದ ತುಟಿಯಲ್ಲಿ ಮಾತು ಮುದ್ದೆಯಾಗಿತ್ತು.

"ಇನ್ನೊಂದಿದೆ. ನೀವು ಕೇಳಿಕೊಂಡರೂ ಹಾಡು ನಿಲ್ಲಿಸಿದ್ದು ನಾನು ಸಿಕ್ಕಿಬೀಳಬಾರದು ಅಂತ. ಆಗ ನಿಮ್ಮ ಒಳತುಟಿಗೆ ಗೀರು ಬಿತ್ತು. ಹೇಳಲಿಲ್ಲ."

ಆತನ ಮುಖದ ಬಣ್ಣ ಇಳಿದುಹೋಯಿತು. ಬೆರಳು ತುಟಿಯನ್ನು ಮುಟ್ಟಿ ನೋಡಿತು, ಬೇರೆ ಯಾರದೋ ತುಟಿ ಎಂಬಂತೆ. "ಊದೋಕೆ ಆಗುತ್ತಾ?"

"ಗೀರು ವಾಸಿಯಾಗುತ್ತೆ. ಊದೋದು... ನಂಗೆ ಗೊತ್ತಿಲ್ಲ. ಮರಗಟ್ಟಿದ್ದು ಬಿಟ್ಟ ಮೇಲೆ ನಿಮಗೇ ತಿಳಿಯಬೇಕು." ಅರ್ಧ ಅರೆದ ಹಲ್ಲನ್ನು ನೋಡಿದಳು. "ಬೇರೆ ಡಾಕ್ಟರ ಹತ್ತಿರ ಹೋಗ್ತೀರಾ? ಚೀಟಿ ಬರೆದುಕೊಡ್ತೀನಿ. ನನ್ನ ಕೈ ನಡುಗ್ತಿದೆ."

"ನಾನೂ ನಡುಗ್ತಿದ್ದೀನಿ," ಎಂದ ಆತ. "ಹಾಡು ನಿಲ್ಲಿಸಿ. ಡ್ರಿಲ್ಲೇ ವಾಸಿ."

ಬಾಯಿ ತೆರೆದ. ಎಡಗೈಯನ್ನು ಮಾತ್ರ ಇಳಿಸಲಿಲ್ಲ. ಎತ್ತಿದ ಕೈಯ ಕೆಳಗೆ ಅವಳು ಹಲ್ಲು ಉಜ್ಜಿದಳು. ಕೀರಲು ಏರಿದಾಗಲೆಲ್ಲ ಬೆರಳುಗಳು ಬಿಗಿಯುತ್ತಿದ್ದವು, ಅವಳು ನಿಲ್ಲುತ್ತಿದ್ದಳು, ಬೆರಳು ಸಡಿಲವಾದ ಮೇಲೆ ಮುಂದುವರಿಯುತ್ತಿದ್ದಳು. ಅಷ್ಟು ನಿಧಾನವಾಗಿ ಅವಳು ಯಾರ ಹಲ್ಲನ್ನೂ ಮುಟ್ಟಿದವಳಲ್ಲ. ಅಚ್ಚು ತೆಗೆದು, ತಾತ್ಕಾಲಿಕ ಕ್ಯಾಪ್ ಕೂರಿಸಿದ ಮೇಲೆ ಆತ ಮುಕ್ಕಳಿಸುವ ಲೋಟದ ಅಂಚಿಗೆ ತುಟಿಯಿಟ್ಟು ಊದಿ ನೋಡಿದ. ಗಾಳಿ ಪಕ್ಕಕ್ಕೆ ಸೋರಿತು. ಚೀಲ ಹೆಗಲಿಗೇರಿಸಿಕೊಂಡು, ಹೋಗಿಬರುತ್ತೇನೆ ಎಂದೂ ಅನ್ನದೆ ಹೊರಟ.

ಆಮೇಲೆ ಬಂದವರ ಬಾಯಲ್ಲೆಲ್ಲ ಅವಳಿಗೆ ಅದೇ ಕೆಂಪು ಚುಕ್ಕೆ ಕಾಣುತ್ತಿತ್ತು. ಕ್ಲಿನಿಕ್ಕಿನ ಫೋನು ಬಡಿದಾಗಲೆಲ್ಲ ಆತನದೇ ಇರಬಹುದೆಂದು ಕೈಯಲ್ಲಿದ್ದದ್ದನ್ನು ಬಿಟ್ಟು ಧಾವಿಸುತ್ತಿದ್ದಳು.

ಬಾಗಿಲು ಹಾಕುವ ಹೊತ್ತಿಗೆ ಬಂತು ಆ ಕರೆ. ಹಲೋ ಇಲ್ಲ. ಗಂಟಲು ಸರಿಮಾಡಿಕೊಂಡ ಸದ್ದು. ಕೊಳಲು ಒಂದು ಸ್ವರ ಹಿಡಿಯಿತು. ನಡುವೆ ಒಡೆದು ಬರೀ ಗಾಳಿಯಾಯಿತು. ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಇನ್ನೊಂದ್ಸಲ," ಎಂದು ಆತ ತನಗೆ ತಾನೇ ಹೇಳಿಕೊಂಡದ್ದು ಕೇಳಿಸಿತು. ಮತ್ತೆ ಅದೇ ಸ್ವರ. ಈ ಸಲ ನಿಂತಿತು. ಉದ್ದಕ್ಕೆ, ಅಲುಗದೆ ನಿಂತಿತು. ಕರೆ ಕಡಿದುಹೋಯಿತು.

ಡಾಕ್ಟರಮ್ಮ ಕುಸಿದು ಕೂತದ್ದು ರೋಗಿಗಳ ಕುರ್ಚಿಯಲ್ಲಿ.

"ಡಾಕ್ಟ್ರಮ್ಮ," ಎಂದಳು ಗಿಳಿಯಮ್ಮ. ಯಾರ ದನಿಯನ್ನೂ ಅಣಕಿಸದೆ ಅವಳು ತನ್ನದೇ ದನಿಯಲ್ಲಿ ಮಾತಾಡುತ್ತಿದ್ದಳು. "ನಮ್ಮ ಫೋನು ಬಂದ ಕರೆಯನ್ನೆಲ್ಲ ತಾನೇ ರೆಕಾರ್ಡ್ ಮಾಡ್ಕೊಳ್ಳುತ್ತಲ್ಲ. ಇದೂ ಆಗಿದೆ. ಇಟ್ಕೊಳ್ಳೋದಾ, ಅಳಿಸೋದಾ?"

"ಅವರನ್ನೇ ಕೇಳಬೇಕು."

"ನಾನಂತೂ ಕೇಳಲ್ಲಮ್ಮ," ಎಂದು ಗಿಳಿಯಮ್ಮ ಫೋನನ್ನು ಬಿಸಿ ಪಾತ್ರೆಯಂತೆ ಅವಳ ಕೈಗೆ ದಾಟಿಸಿದಳು.

ನಂಬರು ಒತ್ತಿ ಕಿವಿಗಿಟ್ಟುಕೊಂಡಳು. ಅತ್ತ ರಿಂಗಾಗತೊಡಗಿತು. ಅವಳ ಎಡಗೈ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.