ಹಳ್ಳದಲ್ಲಿ ಉಳಿದ ಮದುವೆ ಎಲೆ

ನಮ್ಮ ಹಳ್ಳಕ್ಕೆ ಬೇರೆ ಹೆಸರಿರಲಿಲ್ಲ. ಹಳ್ಳ ಅಂದರೆ ಸಾಕು. ಪೀಣ್ಯದ ಕಾರ್ಖಾನೆಗಳು ನಮ್ಮ ಹೊಲದ ಅಂಚಿಗೆ ಬರೋವರೆಗೂ ಭತ್ತದ ಸಸಿಯ ಒಟ್ಲು ಆ ನೀರಲ್ಲೇ ಬೆಳೀತಿತ್ತು. ದಡದ ಪಕ್ಕ ಕಲ್ಲು ಅಡ್ಡ ಇಟ್ಟು ಒಂದು ಎಲೆಗುಂಡಿ ಮಾಡಿದ್ದೆವು. ಉದುರಿದ ಹೊಂಗೆ ಎಲೆ, ಉಂಡೆದ್ದ ಮುತ್ತುಗದ ಎಲೆ, ಎಲ್ಲಾ ಅದಕ್ಕೆ. ಹರಿಯೋ ನೀರಲ್ಲಿ ನೆನೆದು ನೆನೆದು ಎಲೆ ಜಾಲರಿ ಆಗೋದು. ನಮ್ಮತ್ತೆ ಒಂದನ್ನು ಎತ್ತಿ ಬಿಸಿಲಿಗೆ ಹಿಡಿಯೋರು. ಬರೀ ನರ ಕಂಡರೆ ಒಟ್ಲಿಗೆ ಹಾಕೋ ಹದ.

ಎಲೆಯನ್ನು ಹಾಗೆ ಮಾಡೋರು ಯಾರು ಅಂತ ನನಗೆ ಹೇಳಿದ್ದು ವಾಸಂತಿ. ಬೆಂಗಳೂರಿನ ಕಾಲೇಜಲ್ಲಿ ಪಾಠ ಮಾಡೋ ಹೆಂಗಸು. ಮಳೆ ಬಂದಾಗ ಬಂದು ಹಳ್ಳದ ನೊರೆಯನ್ನು ಸೀಸೆಗೆ ತುಂಬಿಕೊಳ್ಳೋಳು. ಒಂದು ಸಲ ಸಣ್ಣದನ್ನ ದೊಡ್ಡದಾಗಿ ತೋರಿಸೋ ತನ್ನ ದುರ್ಬೀನಲ್ಲಿ ನೋಡಿ ಅಂತ ನನ್ನನ್ನೂ ಕೂರಿಸಿದಳು. ನೊರೆ ಒಳಗೆ ನಾಲ್ಕು ಕೈ ಚಾಚಿದ ಸಣ್ಣ ಸಣ್ಣ ಚುಕ್ಕಿ.

"ಇದು ನೀರಿನ ಬೂಷ್ಟಿನ ಬೀಜ, ರಾಮಕ್ಕ. ಕೈ ಚಾಚಿ ಎಲೆ ಹಿಡ್ಕೊಂಡು ಅಲ್ಲೇ ಸಂಸಾರ ಹೂಡತ್ತೆ. ಬೂಷ್ಟು ಹತ್ತಿದ ಎಲೆ ಅಂದ್ರೆ ಸೀಗಡಿಗೆ ಬೆಣ್ಣೆ ಸವರಿದ ರೊಟ್ಟಿ."

ಆಮೇಲೆ ಮೇಲ್ಗಡೆ ಒಂದು ಕಾರ್ಖಾನೆ ಬಂತು. ಕಬ್ಬಿಣದ ಸಾಮಾನಿಗೆ ಥಳಥಳ ಲೇಪ ಹಾಕೋದು. ಅದರ ಪೈಪು ಹಳ್ಳಕ್ಕೆ ಬಿತ್ತು. ಆ ವರ್ಷ ಗುಂಡಿಯಲ್ಲಿ ಒಂದು ಎಲೆಯೂ ಕರಗಲಿಲ್ಲ. ಸೀಗಡಿ ಇಲ್ಲ, ಏಡಿ ಇಲ್ಲ. ನಮ್ಮ ಒಟ್ಲು ಹಳದಿ ತಿರುಗಿ ಕೂತಿತು.

ದೀಪಾವಳಿ ಕಳೆದ ಮೇಲೆ ಕಾರ್ಖಾನೆಯ ಮ್ಯಾನೇಜರು ಉಪೇಂದ್ರ ಊರಿಗೆ ಬಂದ. ಇನ್ನೊಂದು ಪೈಪು ಬಿಡಬೇಕು, ಊರಿನ ಒಪ್ಪಿಗೆ ಬೇಕು. ಒಪ್ಪಿಗೆ ಕೊಡೋನು ಪಂಚಾಯ್ತಿ ಛೇರ್ಮನ್ನು ಚಿಕ್ಕಬೈರಪ್ಪ, ನನ್ನ ಮೈದುನ. ಸ್ಕೂಲಿನ ಜಗುಲಿ ಮೇಲೆ ಸಭೆ. ವಾಸಂತಿನೂ ಬಂದಿದ್ದಳು.

"ಈ ನೀರಲ್ಲಿ ಹಿಂದೆ ಎಷ್ಟೊಂದು ಥರದ ಬೂಷ್ಟು ಇತ್ತು. ಈಗ ಒಂದೂ ಇಲ್ಲ," ಅಂದಳು.

ಉಪೇಂದ್ರ ನಕ್ಕ. "ಕೇಳಿದ್ರಾ? ಬೂಷ್ಟು ಹೋಗಿದ್ಯಂತೆ. ಹಳ್ಳ ತೊಳೆದು ಕೊಟ್ಟಿದ್ದಕ್ಕೆ ಮೇಡಂ ನಮಗೆ ಹಾರ ಹಾಕಬೇಕು." ಅವಳು ಗುಂಡಿಯಿಂದ ತಂದಿದ್ದ ಒಂದು ಹೊಂಗೆ ಎಲೆ ಎತ್ತಿ ತೋರಿಸಿದ. "ನೋಡಿ ಸ್ವಾಮಿ, ಎಲೆ ಕೂಡ ಕೊಳೆಯಲ್ಲ. ಅಷ್ಟು ಶುದ್ಧ ನೀರು."

ಊರಿನವರೂ ನಕ್ಕರು. ನಮ್ಮ ಮನೆಗಳಲ್ಲಿ ಬೂಷ್ಟು ಅಂದರೆ ಉಪ್ಪಿನಕಾಯಿ ಕೆಟ್ಟಾಗ ಬರೋ ಮಾತು, ಇನ್ಯಾವಾಗಲೂ ಅಲ್ಲ.

"ಅಪ್ಪಳಕ್ಕೆ ಬೂಷ್ಟು ಬಂದ್ರೆ ಎಂಗಸ್ರು ಅಳ್ತಾರೆ," ಅಂದ ಚಿಕ್ಕಬೈರಪ್ಪ. "ನೀರಿಂದ ಬೂಷ್ಟು ಓಗ್ಬಿಟ್ರೆ ಈಯಮ್ಮ ಅಳ್ತೈತೆ. ಊಟ ಆಗ್ಲಿ ಬನ್ನಿ, ಆಮೇಲೆ ಒಪ್ಕೊಂಡ್ರಾಯ್ತು."

ವಾಸಂತಿ ತಲೆ ತಗ್ಗಿಸಿದಳು. ಮೈ ಹಳದಿಯಾಗಿದ್ದ ಪೈರು ಎಲ್ಲರೂ ನೋಡಿದ್ದೇ. ಇಷ್ಟು ಬೇಗ ಮರೆತರಲ್ಲ.

ಅವತ್ತಿನ ಅಡುಗೆ ನನ್ನದು. ಒಲೆ ಮೇಲೆ ಸಾರು ಬಿಟ್ಟು ಎಲೆಗುಂಡಿಗೆ ಹೋಗಿ ಬಂದೆ. ಪಂಕ್ತಿಯಲ್ಲಿ ಎಲ್ಲರಿಗೂ ಹೊಸ ಎಲೆ ಹಾಕಿದೆ. ಉಪೇಂದ್ರನ ಮುಂದೆ ಮಾತ್ರ ಗುಂಡಿಯಿಂದ ತಂದದ್ದು. ಅವನು ನೀರು ಚಿಮುಕಿಸಿ, ಅಂಗೈಯಲ್ಲಿ ಒರೆಸಿ, ಅನ್ನಕ್ಕೆ ಕಾದ. ನಾನು ಬಡಿಸಲಿಲ್ಲ.

ಪಕ್ಕದಲ್ಲಿದ್ದ ಚಿಕ್ಕಬೈರಪ್ಪ ಎಲೆ ನೋಡಿದ. ನಮ್ಮ ಮನೆಯಲ್ಲಿ ಮದುವೆಗೆ ಕಡ್ಡಿ ಚುಚ್ಚಿ ಎಲೆ ಹಚ್ಚೋವಾಗ ಮುತ್ತುಗದ ನಡುವೆ ಒಂದು ಹಲಸಿನ ಎಲೆ ಸೇರಿಸುತ್ತೇವೆ. ಬೇರೆ ಯಾವ ಊಟಕ್ಕೂ ಸೇರಿಸಲ್ಲ.

"ಅತ್ತಿಗೆ, ಇದು ನಮ್ಮ ಮಗೀನ ಮದ್ವೆ ಎಲೆ ಅಲ್ವಾ?"

"ಹೌದಪ್ಪ. ಹೋದ ಮಾಘದಲ್ಲಿ ನಿನ್ನ ಬೀಗರು ಉಂಡೆದ್ದದ್ದು. ಹಳ್ಳ ಜೋಪಾನ ಮಾಡಿದೆ. ಕಡ್ಡಿ ಕೂಡ ಬಿಟ್ಟಿಲ್ಲ."

ಉಪೇಂದ್ರ ಕೈ ಎಳಕೊಂಡ. "ಎಂಜಲೆಲೇನಾ ನನಗೆ?"

"ಶುದ್ಧ ನೀರಲ್ಲಿ ಇತ್ತಲ್ಲ ಸಾರ್," ಅಂದೆ.

ಯಾರೂ ನಗಲಿಲ್ಲ. ಚಿಕ್ಕಬೈರಪ್ಪ ಎಲೆ ಎತ್ತಿ ಬಾಗಿಲ ಬೆಳಕಿಗೆ ಹಿಡಿದ, ಅವರಮ್ಮ ಹಿಡೀತಿದ್ದ ಹಾಗೇ. ಬೆಳಕು ತೂರಲಿಲ್ಲ, ಒಟ್ಲಿಗೆ ಹಾಕೋ ಹದ ಬಂದೇ ಇರಲಿಲ್ಲ. ಅವನು ಉಣ್ಣದೇ ಎದ್ದ. "ಇನ್ನೊಂದು ಪೈಪಿನ ಮಾತು ಬಿಡಿ. ಮೊದ್ಲು ಇರೋದನ್ನ ತಿರುಗ್ಸಿ."

ಯುಗಾದಿ ಒಳಗೆ ತಿರುಗಿಸಿದರು. ಎಲ್ಲಿಗೆ ಅಂದಿರಿ? ರಸ್ತೆ ಆಚೆ ಊರಿನ ಕೆರೆಗೆ. ನಮ್ಮವರು ಸದ್ಯ ಪಾರಾದೆವು ಅಂತ ಕೈ ತೊಳಕೊಂಡರು. ಚಿಕ್ಕಬೈರಪ್ಪನೂ ಅಷ್ಟೇ.

ನಾನು ಗುಂಡಿಯಲ್ಲಿ ಉಳಿದಿದ್ದ ಮದುವೆ ಎಲೆಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ರಸ್ತೆ ದಾಟಿದೆ. ಆ ಊರಿನ ಅಂಜಿನಮ್ಮ ಕೆರೆ ಏರಿ ಮೇಲೆ ಬಟ್ಟೆ ಹಿಂಡುತ್ತಿದ್ದಳು. "ಏನಕ್ಕ ಇದು, ಎಂಜಲೆಲೆ ಹೊತ್ಕೊಂಡು ಬಂದಿದ್ದೀಯ?" ಅಂದಳು.

"ಕೂತ್ಕೊ, ಹೇಳ್ತೀನಿ," ಅಂದೆ.